ನಿಮಗಿದು ಗೊತ್ತೆ? ಉಪಕುಲಪತಿ ಬೇಡವೆಂದರೂ ನಿಂತ ನಾಟಕಶಾಲೆ

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1855ರಲ್ಲಿ ಫ್ರಾನ್ಸಿಸ್ ಬರ್ನಾಂಡ್ ಎಂಬ ವಿದ್ಯಾರ್ಥಿಗೆ ನಾಟಕದ ಹುಚ್ಚು ಹತ್ತಿತು. ಅನುಮತಿ ಕೇಳಿದರೆ ಉಪಕುಲಪತಿಗಳು ಒಪ್ಪಲಿಲ್ಲ. ಆತ ಸುಮ್ಮನಿರುವ ಆಸಾಮಿಯಲ್ಲ. ಗೆಳೆಯರನ್ನು ಕಟ್ಟಿಕೊಂಡು 'ಹೂಪ್' ಎಂಬ ಹೋಟೆಲಿನ ಕೋಣೆಗಳಲ್ಲೇ ಬಣ್ಣ ಹಚ್ಚಿದ. ಆ ಹವ್ಯಾಸಿ ನಾಟಕ ಸಂಘವೇ ಎಡಿಸಿ. ಹೆಣ್ಣು ಪಾತ್ರಕ್ಕೂ ಆಗ ಹುಡುಗರೇ ಗತಿ! ಮುಂದೆ ಬರ್ನಾಂಡ್ 'ಪಂಚ್' ಹಾಸ್ಯಪತ್ರಿಕೆಯ ಸಂಪಾದಕನಾದ.

ಅದೇ ಜಾಗದಲ್ಲಿ ಬೆಳೆದ ಎಡಿಸಿ ರಂಗಮಂದಿರ 1933ರಲ್ಲಿ ಬೆಂಕಿಗೆ ಆಹುತಿಯಾಯಿತು. 1935ರಲ್ಲಿ ಮತ್ತೆ ತೆರೆ ಎದ್ದಿತು. ಕೈ ಬಿಗಿಯಾದಾಗ, 1974ರಲ್ಲಿ, ಅದರ ನಿರ್ವಹಣೆಗೆ ಹೆಗಲು ಕೊಟ್ಟದ್ದು ಯಾರು ಗೊತ್ತೆ? ಹಿಂದೊಮ್ಮೆ ಬೇಡವೆಂದಿದ್ದ ಅದೇ ವಿಶ್ವವಿದ್ಯಾಲಯ.

ಇಂದಿಗೂ ಅಲ್ಲಿ ನಟನೆ, ನಿರ್ದೇಶನ, ಬೆಳಕು, ರಂಗಸಜ್ಜಿಕೆ ಬಹುಪಾಲು ವಿದ್ಯಾರ್ಥಿಗಳದೇ. ಸಂಜೆಯ ನಾಟಕ ಮುಗಿದ ಮೇಲೆ ರಾತ್ರಿ ಹನ್ನೊಂದರ ಸುಮಾರಿಗೆ ಇನ್ನೊಂದು ಪ್ರದರ್ಶನವೂ ಉಂಟು. ಮರುದಿನದ ಪಾಠದ ಗತಿ ಏನೋ! ನಟ ಇಯಾನ್ ಮೆಕೆಲನ್, ನಿರ್ದೇಶಕ ಪೀಟರ್ ಹಾಲ್ ಕೇಂಬ್ರಿಜ್‌ನ ಇಂಥ ವಿದ್ಯಾರ್ಥಿ ನಾಟಕಗಳಲ್ಲೇ ಪಳಗಿದವರು. 1883ರಲ್ಲಿ ಹುಟ್ಟಿದ ಅಲ್ಲಿಯ 'ಫುಟ್‌ಲೈಟ್ಸ್' ಹಾಸ್ಯತಂಡದಿಂದ ಜಾನ್ ಕ್ಲೀಸ್, ಎಮ್ಮಾ ಥಾಂಪ್ಸನ್, ಸ್ಟೀಫನ್ ಫ್ರೈ ಬಂದರು.