ಬ್ಲೂ ರಿಡ್ಜ್ ಪಾರ್ಕ್‌ವೇ: ಬೈಕು, ಬಿಡಾರ ಮತ್ತು ಬೆಟ್ಟದ ದಾರಿಯ ಸಿದ್ಧತೆ

ಅಮೆರಿಕದ ಪೂರ್ವಭಾಗದಲ್ಲಿ ಅಪಲೇಚಿಯನ್ ಪರ್ವತಶ್ರೇಣಿಯ ಬೆನ್ನೇರಿ ಸಾಗುವ ಬ್ಲೂ ರಿಡ್ಜ್ ಪಾರ್ಕ್‌ವೇ 469 ಮೈಲಿ, ಅಂದರೆ ಸುಮಾರು 755 ಕಿಲೋಮೀಟರ್ ಉದ್ದದ ರಸ್ತೆ. ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಲ್ಲಿ ತೊಡಗಿ ನಾರ್ತ್ ಕ್ಯಾರೊಲೈನಾದ ಚೆರೋಕಿ ಎಂಬ ಊರಿನ ಬಳಿ ಅದು ಮುಗಿಯುತ್ತದೆ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1935ರಲ್ಲಿ, ನಿರುದ್ಯೋಗಿಗಳಿಗೆ ದುಡಿಮೆ ಒದಗಿಸುವ ಉದ್ದೇಶವೂ ಸೇರಿ ಇದರ ನಿರ್ಮಾಣ ಆರಂಭವಾಯಿತು. ಗ್ರ್ಯಾಂಡ್‌ಫಾದರ್ ಬೆಟ್ಟದ ಪಕ್ಕದ ಕೊನೆಯ ತುಂಡು ಸಂಚಾರಕ್ಕೆ ತೆರೆದದ್ದು 1987ರಲ್ಲಿ. ಬೆಟ್ಟದ ಮೈಯನ್ನು ಕಡಿಯದೆ, ಅದರ ಪಕ್ಕದಲ್ಲಿ ತೇಲಿದಂತೆ ಕಟ್ಟಿರುವ ಲಿನ್ ಕೋವ್ ಸೇತುವೆ ಆ ತುಂಡಿನಲ್ಲಿಯೇ ಇದೆ.

ಈ ದಾರಿ ಬೈಕ್ ಸವಾರರಿಗೆ ಪ್ರಿಯವಾಗಿರುವುದಕ್ಕೆ ಕಾರಣಗಳು ಸ್ಪಷ್ಟ. ಸರಕು ಲಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ. ಜಾಹೀರಾತು ಫಲಕಗಳಿಲ್ಲ, ಅಂಗಡಿ ಸಾಲುಗಳಿಲ್ಲ. ರಾಷ್ಟ್ರೀಯ ಉದ್ಯಾನ ಸೇವೆಯ ಆಡಳಿತಕ್ಕೆ ಒಳಪಟ್ಟಿದ್ದರೂ ಪ್ರವೇಶ ಶುಲ್ಕವಿಲ್ಲ. ಆಗುಂಬೆಯ 14 ತಿರುವುಗಳನ್ನೋ ಚಾರ್ಮಾಡಿಯ ಮಂಜನ್ನೋ ಯೌವನದಲ್ಲಿ ಬೈಕಿನ ಮೇಲೆ ಕಂಡು ಬಂದ ನಮ್ಮಂಥವರಿಗೆ ಇಲ್ಲಿ ಹಳೆಯ ಸುಖವೊಂದು ಮರಳಿ ದೊರೆತಂತೆನಿಸುತ್ತದೆ. ಅಪಾಯವೂ ಅಲ್ಲಿಯೇ ಅಡಗಿದೆ. ನಮ್ಮ ಘಾಟಿಗಳಲ್ಲಿ ಕಲಿತ ಹಲವು ಪಾಠಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಕೆಲವು ಮಾತ್ರ ನೇರವಾಗಿ ದಾರಿ ತಪ್ಪಿಸುತ್ತವೆ. ಹಾಗೆ ದಾರಿ ತಪ್ಪಿದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಪ್ರಯಾಣವನ್ನು ಹೇಗೆ ಯೋಜಿಸಬೇಕೆಂಬುದನ್ನು ಕ್ರಮವಾಗಿ ವಿವರಿಸಲು ಇಲ್ಲಿ ಯತ್ನಿಸಿದ್ದೇನೆ.

ದೂರದ ಲೆಕ್ಕ

ಪಾರ್ಕ್‌ವೇಯಲ್ಲಿ ಮೈಲಿಗಲ್ಲೇ ವಿಳಾಸ. ಉತ್ತರದ ತುದಿ ಸೊನ್ನೆ, ದಕ್ಷಿಣದ ತುದಿ 469. ಬಿಡಾರದ ತಾಣ, ಜಲಪಾತ, ಅಡ್ಡರಸ್ತೆ ಎಲ್ಲವನ್ನೂ ಈ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಗರಿಷ್ಠ ವೇಗ ಗಂಟೆಗೆ 45 ಮೈಲಿ; ಕೆಲವೆಡೆ ಇನ್ನೂ ಕಡಿಮೆ. ನೋಟತಾಣಗಳಲ್ಲಿ ನಿಲ್ಲುವುದು, ಊಟ, ಇಂಧನ ಎಲ್ಲವನ್ನೂ ಸೇರಿಸಿದರೆ ಗಂಟೆಗೆ ಸರಾಸರಿ 30 ಮೈಲಿಗಿಂತ ಹೆಚ್ಚು ಸಾಗುವುದಿಲ್ಲ ಎಂದಿಟ್ಟುಕೊಳ್ಳುವುದೇ ಕ್ಷೇಮ. ಹೆದ್ದಾರಿಯಲ್ಲಿ ಒಂದೇ ದಿನ 469 ಮೈಲಿ ಕ್ರಮಿಸುವವರು ಇದ್ದಾರೆಂದು ಆ ಲೆಕ್ಕವನ್ನು ಇಲ್ಲಿಗೆ ತರಲಾಗದು.

ನಾನು ಮೆಚ್ಚುವ ಹಂಚಿಕೆ ಐದು ದಿನಗಳದು. ಮೊದಲ ದಿನ 86ನೆಯ ಮೈಲಿಯ ಪೀಕ್ಸ್ ಆಫ್ ಆಟರ್‌ವರೆಗೆ. ಎರಡನೆಯ ದಿನ 239ರ ಡೌಟನ್ ಪಾರ್ಕ್‌ವರೆಗೆ, 153 ಮೈಲಿ. ಇದೇ ಅತ್ಯಂತ ದೀರ್ಘವಾದ ದಿನ. ಮೂರನೆಯ ದಿನ 297ರ ಜೂಲಿಯನ್ ಪ್ರೈಸ್‌ವರೆಗೆ ಕೇವಲ 58 ಮೈಲಿ. ದಣಿದ ಮೈಗೆ ಅದು ಅಗತ್ಯ. ನಾಲ್ಕನೆಯ ದಿನ 408ರ ಮೌಂಟ್ ಪಿಸ್ಗಾವರೆಗೆ 111 ಮೈಲಿ. ಕೊನೆಯ ದಿನ ಉಳಿದ 61. ಈ ನಾಲ್ಕೂ ಕಡೆ ಉದ್ಯಾನ ಸೇವೆಯ ಬಿಡಾರದ ತಾಣಗಳಿವೆ. ಅವು ಸಾಮಾನ್ಯವಾಗಿ ವಸಂತದ ಕೊನೆಯಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತವೆ. ಎಲೆಗಳು ಬಣ್ಣ ತಿರುಗುವ ಅಕ್ಟೋಬರಿನಲ್ಲಿ ಜಾಗ ಸಿಗುವುದು ಕಷ್ಟವಾದ್ದರಿಂದ ಮುಂಚಿತವಾಗಿ ಕಾಯ್ದಿರಿಸಬೇಕು. ಕಂಡಕಂಡಲ್ಲಿ ರಸ್ತೆಬದಿಯಲ್ಲಿ ಡೇರೆ ಹಾಕಲು ಅನುಮತಿಯಿಲ್ಲ.

ಇನ್ನೊಂದು ಮಾತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬೀಸಿದ ಹೆಲೀನ್ ಚಂಡಮಾರುತ ನಾರ್ತ್ ಕ್ಯಾರೊಲೈನಾ ಭಾಗದ ರಸ್ತೆಗೆ ಭಾರಿ ಹಾನಿ ಮಾಡಿತು. ಭೂಕುಸಿತದಿಂದಾಗಿ ದೀರ್ಘ ತುಂಡುಗಳು ಮುಚ್ಚಿಹೋದವು. ಹಿಮ, ಮಂಜುಗಡ್ಡೆ, ದುರಸ್ತಿ ಮುಂತಾದ ಕಾರಣಗಳಿಗೂ ಈ ರಸ್ತೆಯ ಭಾಗಗಳನ್ನು ಮುಚ್ಚುವುದುಂಟು. ಯಾವ ಭಾಗ ತೆರೆದಿದೆ ಎಂಬುದನ್ನು ಉದ್ಯಾನ ಸೇವೆಯ ಅಧಿಕೃತ ಜಾಲತಾಣದಲ್ಲಿ ನೋಡಿದ ಬಳಿಕವೇ ದಿನಗಳನ್ನು ಹಂಚಬೇಕು.

ಇಂಧನ ಮತ್ತು ಇಳಿದಾರಿ

ಪಾರ್ಕ್‌ವೇಯ ಮೇಲೆ ಒಂದೇ ಒಂದು ಪೆಟ್ರೋಲ್ ಬಂಕ್ ಇಲ್ಲ. ಅಡ್ಡ ಹಾಯುವ ಹೆದ್ದಾರಿಗೆ ಇಳಿದು, ಹತ್ತಿರದ ಊರಿಗೆ ಹೋಗಿ ತುಂಬಿಸಿಕೊಂಡು ಬರಬೇಕು. ಆದಕಾರಣ ಇಳಿದಾರಿಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಉಚಿತ: 121ರಲ್ಲಿ ರೋನೋಕ್‌ಗೆ, 177ರ ಬಳಿ ಮೆಡೋಸ್ ಆಫ್ ಡ್ಯಾನ್‌ಗೆ, 199ರ ಬಳಿ ಫ್ಯಾನ್ಸಿ ಗ್ಯಾಪ್‌ಗೆ, 291ರ ಬಳಿ ಬ್ಲೋಯಿಂಗ್ ರಾಕ್‌ಗೆ, 331ರಲ್ಲಿ ಸ್ಪ್ರೂಸ್ ಪೈನ್‌ಗೆ, 382ರ ಬಳಿ ಆಶ್‌ವಿಲ್‌ಗೆ. ಮೊಬೈಲ್ ಸಂಪರ್ಕ ಅನೇಕ ಕಡೆ ಇರುವುದಿಲ್ಲವಾದ್ದರಿಂದ ಕಾಗದ ಎಂದೆ. ಟ್ಯಾಂಕು ಅರ್ಧವಾದೊಡನೆ ಮುಂದಿನ ಇಳಿದಾರಿಯಲ್ಲಿ ಇಳಿಯುವುದು ನನ್ನ ನಿಯಮ. ಹೇರು ಹೊತ್ತು ಏರು ಹತ್ತುವ ಬೈಕು ಊರಿನಲ್ಲಿ ಕೊಡುವಷ್ಟು ಮೈಲೇಜನ್ನು ಬೆಟ್ಟದಲ್ಲಿ ಕೊಡುತ್ತದೆಂಬ ಭರವಸೆಯಿಲ್ಲ.

ಈ ಪಟ್ಟಿಯಿಂದ ಇನ್ನೂ ದೊಡ್ಡ ಉಪಯೋಗವೊಂದಿದೆ. ಅದನ್ನು ನಾನು ಕಲಿತದ್ದು ಚಳಿಯಿಂದ.

ಚಳಿ

ಪಾರ್ಕ್‌ವೇಯ ಅತಿ ತಗ್ಗಿನ ಸ್ಥಳ ಜೇಮ್ಸ್ ನದಿಯ ದಂಡೆ, ಸುಮಾರು 650 ಅಡಿ. ಅಲ್ಲಿಂದ ಕೇವಲ 13 ಮೈಲಿಯಲ್ಲಿ ರಸ್ತೆ 3,950 ಅಡಿಗೆ ಏರುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂಬ ಸಾಮಾನ್ಯ ಲೆಕ್ಕದಂತೆ, ಅರ್ಧ ಗಂಟೆಯೊಳಗೆ ಒಂದು ಋತುವನ್ನೇ ದಾಟಿದ ಹಾಗಾಗುತ್ತದೆ. ದಕ್ಷಿಣದಲ್ಲಿ ದಾರಿ 6,000 ಅಡಿಯನ್ನೂ ಮೀರುತ್ತದೆ. ಇದರ ಮೇಲೆ ಗಾಳಿ. ಉಷ್ಣತೆ 7 ಡಿಗ್ರಿಯಿದ್ದಾಗ 45 ಮೈಲಿ ವೇಗದ ಗಾಳಿಗೆ ಮೈಯೊಡ್ಡಿದರೆ ಚರ್ಮಕ್ಕೆ ಅದು 1 ಡಿಗ್ರಿಯಷ್ಟು ಚಳಿಯಾಗಿ ತಾಗುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಸ್ಥಿತಿ ಮತ್ತಷ್ಟು ಕೆಡುತ್ತದೆ.

ಮಲೆನಾಡಿನ ಮಳೆಯಲ್ಲಿ ಎಷ್ಟೋ ಬಾರಿ ತೊಯ್ದು ತೊಪ್ಪೆಯಾಗಿ ಬೈಕು ಓಡಿಸಿದ್ದೆ. ಮನೆ ತಲುಪಿ ಬಿಸಿ ಕಾಫಿ ಕುಡಿದರೆ ಮುಗಿಯಿತು. ಆ ಧೈರ್ಯದಿಂದಲೇ ಕೆಲವು ವರ್ಷಗಳ ಹಿಂದೆ, ಅಕ್ಟೋಬರ್ ನಡುವೆ, ಹತ್ತಿಯ ಅಂಗಿಯ ಮೇಲೊಂದು ಸಾಧಾರಣ ಜಾಕೆಟ್ ತೊಟ್ಟು ಮಿತ್ರನೊಡನೆ ಹೊರಟಿದ್ದೆ. ನಾಲ್ಕನೆಯ ದಿನ 355ನೆಯ ಮೈಲಿಯಿಂದ ಪಕ್ಕಕ್ಕೆ ಹೊರಳಿ, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಅತ್ಯುನ್ನತವಾದ ಮೌಂಟ್ ಮಿಚೆಲ್ ಶಿಖರವನ್ನು ನೋಡಲು ಹೋದೆವು. ಅದರ ಎತ್ತರ 6,684 ಅಡಿ. ಮೋಡ ಸರಿಯಲೆಂದು ಅಲ್ಲಿ ಬಹಳ ಹೊತ್ತು ಕಾದೆವು. ಸರಿಯಲಿಲ್ಲ. ಇಳಿಯುವಾಗ ಮಳೆ ಹಿಡಿಯಿತು. ಮೊದಲು ನಡುಕ ಬಂತು. ಆಮೇಲೆ ಬೆರಳುಗಳಿಗೆ ಬ್ರೇಕಿನ ಲಿವರ್ ತಾಗುವುದೇ ತಿಳಿಯದಾಯಿತು. ಮೌಂಟ್ ಪಿಸ್ಗಾದಲ್ಲಿ ಜಾಗ ಕಾಯ್ದಿರಿಸಿದ್ದೆವು, ಹಣ ಕಟ್ಟಿದ್ದೆವು. ಹೇಗಾದರೂ ಕತ್ತಲಾಗುವ ಮೊದಲು ತಲುಪಬೇಕೆಂಬುದೊಂದೇ ಆಲೋಚನೆ ತಲೆಯಲ್ಲಿ ಸುತ್ತುತ್ತಿತ್ತು.

ಆಶ್‌ವಿಲ್‌ನ ಇಳಿದಾರಿಗೆ ಮುನ್ನ ಮಿತ್ರ ನನ್ನನ್ನು ಅಡ್ಡಗಟ್ಟಿ ನಿಲ್ಲಿಸಿದ. ಬಲಗಡೆಯ ಇಂಡಿಕೇಟರ್ ಹಲವು ಮೈಲಿಗಳಿಂದ ಮಿನುಗುತ್ತಲೇ ಇತ್ತಂತೆ. ಏನಾಯಿತೆಂದು ಕೇಳಿದಾಗ ನನ್ನ ಉತ್ತರದ ಮಾತು ತೊದಲಿತ್ತು. ನನಗೆ ಅದು ಗೊತ್ತಾಗಲಿಲ್ಲ. ಗೊತ್ತಾಗದಿರುವುದೇ ಆ ಸ್ಥಿತಿಯ ಲಕ್ಷಣ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ನಡುಕ, ಕೈಗಳ ತಡವರಿಕೆ, ತೊದಲು, ಮಂಕು ಈ ಕ್ರಮದಲ್ಲಿ ಅದು ಮುಂದುವರಿಯುತ್ತದೆ. ವಿವೇಚನೆಯೇ ಮೊದಲು ಕುಂದುವುದರಿಂದ ರೋಗಿ ತಾನು ಚೆನ್ನಾಗಿಯೇ ಇದ್ದೇನೆಂದು ವಾದಿಸುತ್ತಾನೆ. ನಾನೂ ವಾದಿಸಿದೆ. ಅವನು ಕೇಳಲಿಲ್ಲ. ಊರಿಗಿಳಿದು ವಸತಿಗೃಹವೊಂದರಲ್ಲಿ ಒದ್ದೆ ಬಟ್ಟೆ ಕಳಚಿಸಿ, ಕಂಬಳಿ ಹೊದಿಸಿ, ಬಿಸಿಯಾದ ಸಿಹಿ ಪಾನೀಯ ಕುಡಿಸಿದ. ಮುಂದೆ ಉಳಿದಿದ್ದದ್ದು 26 ಮೈಲಿ. ಅದೂ ಏರು, ಸುರಂಗ, ಮಂಜು. ಆ ಕೈಗಳಲ್ಲಿ ಆ ದಾರಿಯನ್ನು ನಾನು ಮುಗಿಸುತ್ತಿದ್ದೆನೆಂದು ಇಂದು ನನಗೆ ಅನ್ನಿಸುವುದಿಲ್ಲ.

ಆದ್ದರಿಂದ ಹತ್ತಿ ಬೇಡ. ಬೆವರನ್ನು ಹೊರಗೆಳೆಯುವ ಒಳಅಂಗಿ, ಉಣ್ಣೆಯ ನಡುಪದರ, ನೀರು ಹೊಗದ ಹೊರಪದರ ಬೇಕು. ಎರಡು ಜೊತೆ ಕೈಗವಸು ಬೇಕು, ಒಂದು ಒಣಗಿದ್ದೇ ಆಗಿರಬೇಕು. ಮಳೆಯಂಗಿಯನ್ನು ಮಳೆ ಬಂದ ಮೇಲೆ ತೊಡುವುದಲ್ಲ, ಮೋಡ ಕಂಡಾಗಲೇ ತೊಡಬೇಕು.

ಹೇರು

ಪ್ರತಿ ಬೈಕಿಗೂ ಸವಾರನನ್ನೂ ಸೇರಿಸಿ ಇಷ್ಟೇ ಭಾರ ಹೊರಬೇಕೆಂಬ ಮಿತಿಯಿದೆ; ಅದು ಕೈಪಿಡಿಯಲ್ಲಿರುತ್ತದೆ. ಭಾರವಾದ ವಸ್ತುಗಳು ಕೆಳಗೆ ಮತ್ತು ಸವಾರನಿಗೆ ಹತ್ತಿರವಿರಬೇಕು. ಹಿಂಬದಿಯ ತುದಿಯಲ್ಲಿ ಎತ್ತರಕ್ಕೆ ಪೇರಿಸಿದರೆ ಮುಂದಿನ ಗಾಲಿ ಹಗುರಾಗಿ ತಿರುವಿನಲ್ಲಿ ಬೈಕು ಮಾತು ಕೇಳುವುದಿಲ್ಲ. ಎರಡೂ ಪಕ್ಕದ ಚೀಲಗಳು ಸಮತೂಕವಾಗಿರಲಿ. ಪಟ್ಟಿಗಳ ಬಾಲ ಚೈನಿಗೆ ಸಿಗದಂತೆ ಒಳಗೆ ಸಿಕ್ಕಿಸಿರಲಿ. ಟೈರಿನ ಗಾಳಿ ಮತ್ತು ಹಿಂದಿನ ಸ್ಪ್ರಿಂಗಿನ ಬಿಗಿತವನ್ನು ಹೇರಿಗೆ ತಕ್ಕಂತೆ ಕೈಪಿಡಿ ನೋಡಿ ಹೊಂದಿಸಬೇಕು. ಹೊರಡುವ ವಾರದ ಮೊದಲು ಇಡೀ ಹೇರಿನೊಡನೆ ಊರಿನಲ್ಲಿಯೇ ಒಂದು ಸುತ್ತು ಹಾಕಿ, ಬ್ರೇಕ್ ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ನೋಡಿ.

ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಅದರ ಮೇಲೆ ಬರೆದ ಎರಡು ಉಷ್ಣತೆಗಳನ್ನು ಗಮನಿಸಬೇಕು. ಒಂದು ನೆಮ್ಮದಿಯಾಗಿ ನಿದ್ರಿಸಬಹುದಾದ ಮಟ್ಟ, ಇನ್ನೊಂದು ಮುದುರಿಕೊಂಡು ಸಹಿಸಬಹುದಾದ ಮಿತಿ. ಮೊದಲನೆಯದನ್ನೇ ನಂಬಿ. ಅಡಿಯಲ್ಲಿ ಹಾಸುವ ಮೆತ್ತೆಯನ್ನು ಸುಖಸಾಧನವೆಂದು ಬಿಟ್ಟುಹೋಗಬಾರದು. ನೆಲದ ಚಳಿಯನ್ನು ತಡೆಯುವುದು ಅದೇ. ನಿದ್ದೆಗೆಟ್ಟವನು ಮರುದಿನದ ತಿರುವುಗಳಲ್ಲಿ ಅದರ ಬೆಲೆ ತೆರುತ್ತಾನೆ.

ತಿರುವುಗಳು

ಪಾರ್ಕ್‌ವೇಯ ಕೆಲವು ತಿರುವುಗಳು ಹೊಕ್ಕಾಗ ಅಗಲವಾಗಿದ್ದು ಮುಂದೆ ಸಾಗಿದಂತೆ ಬಿಗಿಯಾಗುತ್ತವೆ. ಹೊರಗಿನಿಂದ ಅದು ಕಾಣುವುದಿಲ್ಲ. ನಿಧಾನವಾಗಿ ಒಳಹೊಕ್ಕು, ನೋಟವನ್ನು ತಿರುವಿನ ಕೊನೆಗೆ ಹಾಯಿಸಿ, ದಾರಿ ತೆರೆದ ಮೇಲೆಯೇ ವೇಗ ಕೊಡಬೇಕು. ಒಟ್ಟು 26 ಸುರಂಗಗಳಿವೆ. ಬಿಸಿಲಿನಿಂದ ಒಮ್ಮೆಗೇ ಕತ್ತಲಿಗೆ ನುಗ್ಗುವುದರಿಂದ ಕಪ್ಪು ಕನ್ನಡಕ ತೊಂದರೆ ಕೊಡುತ್ತದೆ. ಒದ್ದೆಯಾದ ತರಗೆಲೆ ಜಾರುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಜಿಂಕೆಗಳು ರಸ್ತೆಗಿಳಿಯುವ ಹೊತ್ತು.

ಎಡಬದಿಯಲ್ಲಿ ಓಡಿಸಿ ಬೆಳೆದವರು ಮತ್ತೊಂದು ಎಚ್ಚರ ವಹಿಸಬೇಕು. ವರ್ಷಗಟ್ಟಲೆ ಬಲಬದಿಯಲ್ಲಿ ಓಡಿಸಿದ್ದರೂ, ದಣಿದಾಗ, ನಿರ್ಜನವಾದ ನೋಟತಾಣದಿಂದ ಮತ್ತೆ ರಸ್ತೆಗಿಳಿಯುವ ಗಳಿಗೆಯಲ್ಲಿ, ಹಳೆಯ ಅಭ್ಯಾಸ ಎಡಕ್ಕೆ ಎಳೆಯುತ್ತದೆ. ಎದುರು ವಾಹನವಿಲ್ಲದ್ದರಿಂದ ತಿದ್ದುವವರೂ ಇರುವುದಿಲ್ಲ. ತಿರುವಿನಲ್ಲಿ ಹಾರ್ನ್ ಕೇಳಿದರೆ ಯಾರೋ ಬರುತ್ತಿದ್ದಾರೆಂದು ನಮ್ಮ ಘಾಟಿಯಲ್ಲಿ ತಿಳಿಯುತ್ತದೆ. ಇಲ್ಲಿ ಯಾರೂ ಹಾರ್ನ್ ಮಾಡುವುದಿಲ್ಲ. ಹೆಲ್ಮೆಟ್ ಎರಡೂ ರಾಜ್ಯಗಳಲ್ಲಿ ಕಡ್ಡಾಯ. ಕಾರಿನ ಪರವಾನಗಿಯಷ್ಟೇ ಇದ್ದರೆ ಸಾಲದು, ಮೋಟಾರ್‌ಸೈಕಲ್ಲಿಗೆ ಪ್ರತ್ಯೇಕ ಅರ್ಹತೆ ಪಡೆದಿರಬೇಕು.

ಬಿಡಾರದಲ್ಲಿ

ಇದು ಕಪ್ಪು ಕರಡಿಗಳ ನಾಡು. ಡೇರೆಯೊಳಗೆ ತಿನಿಸು, ಹಲ್ಲುಜ್ಜುವ ಪೇಸ್ಟು, ಸೋಪು ಯಾವುದೂ ಇರಕೂಡದು. ಕಾರಿನವರು ಡಿಕ್ಕಿಯಲ್ಲಿಟ್ಟು ಬೀಗ ಹಾಕುತ್ತಾರೆ. ಬೈಕಿನವರಿಗೆ ಆ ಅನುಕೂಲವಿಲ್ಲ. ತಾಣದಲ್ಲಿ ಕರಡಿ ತೆರೆಯಲಾಗದ ಲೋಹದ ಪೆಟ್ಟಿಗೆ ಇದೆಯೇ ಎಂದು ಕಾಯ್ದಿರಿಸುವಾಗಲೇ ವಿಚಾರಿಸಿ. ನಮ್ಮ ಗೊಜ್ಜವಲಕ್ಕಿ ಈ ಪ್ರಯಾಣಕ್ಕೆ ಹೇಳಿ ಮಾಡಿಸಿದ ಆಹಾರ: ಹಗುರ, ಒಲೆ ಬೇಡ, ನೀರು ಸಾಕು. ಆದರೆ ಇಂಗು, ಬೆಲ್ಲ, ಹುರಿದ ಕಡಲೆಬೀಜದ ಪರಿಮಳ ನಮಗಿಂತ ಮೊದಲು ಕರಡಿಗೆ ತಿಳಿಯುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಉಂಡ ತಟ್ಟೆಯನ್ನು ಒಡನೆಯೇ ತೊಳೆಯಬೇಕು. ಮರ ಕೊರೆಯುವ ಕೀಟಗಳು ಹರಡದಿರಲೆಂದು ಹೊರಗಿನ ಸೌದೆ ತರುವುದಕ್ಕೆ ನಿರ್ಬಂಧವಿದೆ. ಶಾಖದಿಂದ ಸಂಸ್ಕರಿಸಿ ಪ್ರಮಾಣಪತ್ರ ಪಡೆದ ಸೌದೆಯನ್ನಷ್ಟೇ ತರಬಹುದು.

ಕೊನೆಯದಾಗಿ

ಯೋಜನೆಯೆಂದರೆ ಎಲ್ಲಿಗೆ ತಲುಪಬೇಕೆಂಬ ಪಟ್ಟಿ ಎಂದು ನಾನು ಭಾವಿಸಿದ್ದೆ. ಈಗ ನನ್ನ ಟ್ಯಾಂಕ್ ಚೀಲದ ಪಾರದರ್ಶಕ ಹಾಳೆಯಡಿ ಇರುವ ಚೀಟಿಯಲ್ಲಿ ಪ್ರತಿ ದಿನಕ್ಕೂ ಮೂರು ಸಾಲುಗಳಿವೆ: ರಾತ್ರಿಯ ಬಿಡಾರ, ಅದಕ್ಕೆ ಮೊದಲಿನ ಎರಡು ಇಳಿದಾರಿಗಳು, ಯಾವ ಹೊತ್ತಿಗೆ ಎಲ್ಲಿರದಿದ್ದರೆ ಇಳಿದುಬಿಡಬೇಕು ಎಂಬ ಗಡುವು. ಆ ಗಡುವನ್ನು ಬೆಚ್ಚಗಿನ ಮನೆಯಲ್ಲಿ, ತಲೆ ತಿಳಿಯಾಗಿರುವಾಗ ಬರೆಯುತ್ತೇನೆ. ಬೆಟ್ಟದ ಮೇಲೆ ಮಳೆಯಲ್ಲಿ ಅದನ್ನು ನಿರ್ಧರಿಸಲು ಹೊರಟರೆ ನನ್ನ ತೀರ್ಮಾನವನ್ನು ನಾನೇ ನಂಬುವಂತಿಲ್ಲ. ಚೀಟಿಯ ಒಂದು ಪ್ರತಿ ಜೊತೆಗಾರನ ಬಳಿ ಇರುತ್ತದೆ. ‘ಇಳಿಯೋಣ’ ಎಂದು ಇಬ್ಬರಲ್ಲಿ ಒಬ್ಬರು ಹೇಳಿದರೆ ಮರುಮಾತಿಲ್ಲದೆ ಇಳಿಯುವುದೆಂದು ಹೊರಡುವ ಮುನ್ನವೇ ಒಪ್ಪಿಕೊಂಡಿರುತ್ತೇವೆ. ಮುಂದಿನ ವರ್ಷ ನಾವಿಬ್ಬರೂ ಆಶ್‌ವಿಲ್‌ನಿಂದಲೇ ಹೊರಟು, ಉಳಿದುಹೋಗಿದ್ದ ದಾರಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಮುಗಿಸಿದೆವು. ದಾರಿ ಅಲ್ಲಿಯೇ ಇತ್ತು.