ಸೊಪ್ಪಿನಬೆಟ್ಟದ ಉಣುಗು

ಅಡಿಕೆ ಕೊಯ್ಲಿನ ದಿನಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಉಣುಗು ಕಚ್ಚದಂತೆ ಸವರುವ ಡೆಪಾ ಎಣ್ಣೆಯ ಬಾಟಲಿಗಳು ಕಾಣಿಸಿಕೊಳ್ಳುತ್ತವೆ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಸವರಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮೈ ತೊಳೆಯಿರಿ, ಮಂಗ ಸತ್ತಿದ್ದು ಕಂಡರೆ ಮುಟ್ಟದೆ ತಿಳಿಸಿ. ಈ ಮಾತು ಊರವರಿಗೆಲ್ಲ ಬಾಯಿಪಾಠ. ಅದರ ಹಿಂದಿರುವ ಮಂಗನ ಕಾಯಿಲೆಯ ವಿಜ್ಞಾನ ಮಾತ್ರ ಈಚಿನ ವರ್ಷಗಳಲ್ಲಿ ಸಾಕಷ್ಟು ಮುಂದೆ ಸಾಗಿದೆ. ಅದು ಊರಿನವರೆಗೆ ತಲುಪಿದ್ದು ಕಡಿಮೆ.

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮುಸಿಯಗಳೂ ಕೋಡಗಗಳೂ ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಎದ್ದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರಿಗೆ ಮೊದಲು ಕಾಡಿದ ಭಯ ಹಳದಿ ಜ್ವರದ್ದು. ಸಿಕ್ಕಿದ್ದು ಹೊಸದೊಂದು ವೈರಸ್, ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳುಜ್ವರದ ವೈರಸ್ಸಿನ ಹತ್ತಿರದ ನೆಂಟ. ಹಾಗಾದರೆ ಚಳಿಗಾಲಕ್ಕೆ ಉತ್ತರದಿಂದ ಹಾರಿ ಬರುವ ಹಕ್ಕಿಗಳೇ ಇದನ್ನು ತಂದಿರಬಹುದೇ? ಈ ಗುಮಾನಿಯ ಬೆನ್ನಿಗೇ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಬಂದು, ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಹಿಡಿಯಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ನಮ್ಮ ದೇಶದ ಪಕ್ಷಿವಲಸೆಯ ಅಧ್ಯಯನಕ್ಕೆ ಮಾತ್ರ ಅದರಿಂದ ಒಳ್ಳೆಯದೇ ಆಯಿತು.

ಅಪರಾಧಿ ಊರಲ್ಲೇ ಇತ್ತು. ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ತನ್ನ ಬದುಕಿನ ಮೂರು ಹಂತಗಳಲ್ಲಿ ಮೂರು ಬೇರೆ ಪ್ರಾಣಿಗಳ ರಕ್ತ ಹೀರುತ್ತದೆ. ಮಳೆ ನಿಂತ ಮೇಲೆ ಮೊಟ್ಟೆಯಿಂದ ಹೊರಬಿದ್ದ ಮರಿ ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗ ಹೀಗೆ ಸಿಕ್ಕಿದ್ದಕ್ಕೆ ಹತ್ತುತ್ತದೆ. ಪೊರೆ ಕಳಚಿ ಎರಡನೆಯ ಹಂತಕ್ಕೆ ಬಂದಾಗ, ಅಂದರೆ ನವೆಂಬರಿನಿಂದ ಮೇವರೆಗೆ, ಅದು ಎಳ್ಳುಕಾಳಿಗಿಂತ ಸಣ್ಣದು. ಮನುಷ್ಯನಿಗೆ ಕಚ್ಚುವುದು ಹೆಚ್ಚಾಗಿ ಇದೇ. ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ. ದೊಡ್ಡದಾದ ಉಣುಗಿಗೆ ದೊಡ್ಡ ಪ್ರಾಣಿಯೇ ಬೇಕು. ಒಂದು ಕಾಲಕ್ಕೆ ಕಡವೆ, ಕಾಡುಕೋಣಗಳು ಆ ಊಟ ಒದಗಿಸುತ್ತಿದ್ದವು, ಈಗ ಕಾಡಂಚಿನಲ್ಲಿ ಮೇಯುವ ದನ.

ಕೊಲಂಬಿಯದಿಂದ ಬಂದಿದ್ದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ದನಕ್ಕೆ ಕಾಯಿಲೆ ಬರುವುದಿಲ್ಲ, ಅದರ ರಕ್ತದಲ್ಲಿ ವೈರಸ್ ಉಣುಗಿಗೆ ದಾಟುವಷ್ಟು ಬೆಳೆಯುವುದೂ ಇಲ್ಲ. ಆದರೆ ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಿಗೆ ದನ ಹೊಡೆದರೆ ಉಣುಗಿನ ಸಂತತಿ ಬೆಳೆಯುತ್ತದೆ, ದನದ ಹಾದಿಯುದ್ದಕ್ಕೂ ಊರ ಕಡೆಗೆ ಸರಿಯುತ್ತದೆ ಎಂಬುದು ಅವರ ತರ್ಕ. ಸೊಗಸಾದ ತರ್ಕವೇ, ಆದರೆ ಜಿಲ್ಲೆಯ ಉದ್ದಗಲಕ್ಕೂ ಅಳೆದು ನೋಡುವ ಸಾಧನ ಆಗ ಇರಲಿಲ್ಲ.

ಆ ಅಳತೆ ಬಂದದ್ದು 2020ರಲ್ಲಿ. ಬ್ರಿಟನ್ನಿನ ಪರಿಸರ ವಿಜ್ಞಾನಿ ಬೆಥನ್ ಪರ್ಸ್ ಅವರ ತಂಡ ಬೆಂಗಳೂರಿನ ಏಟ್ರೀ ಸಂಸ್ಥೆ ಮತ್ತು ನಮ್ಮ ಆರೋಗ್ಯ, ಪಶುವೈದ್ಯ ಸಂಸ್ಥೆಗಳವರ ಜತೆ ಕೂಡಿ ಶಿವಮೊಗ್ಗ ಜಿಲ್ಲೆಯ ರೋಗಿಗಳ ದಾಖಲೆಯನ್ನು ಉಪಗ್ರಹ ಚಿತ್ರಗಳೊಂದಿಗೆ ಹೊಂದಿಸಿ ಅಪಾಯದ ನಕ್ಷೆ ಬಿಡಿಸಿತು. ಅಪಾಯ ಹೆಚ್ಚು ಕಂಡದ್ದು ದಟ್ಟ ಕಾಡಿನ ನಡುವೆಯೂ ಅಲ್ಲ, ಎಲೆ ಉದುರಿಸುವ ಕಾಡಿನಲ್ಲೂ ಅಲ್ಲ. ನಿತ್ಯಹರಿದ್ವರ್ಣದ ಕಾಡು ತುಂಡಾಗಿ, ನಡುನಡುವೆ ತೋಟ, ಗದ್ದೆ, ನೆಡುತೋಪು ಬೆರೆತ ಜಾಗಗಳಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಅದು ಮನೆಯ ಹಿತ್ತಿಲ ನೋಟ. ಮೇಲೆ ಸೊಪ್ಪಿನಬೆಟ್ಟ, ಕೆಳಗೆ ಅಡಿಕೆ ತೋಟ, ನಡುವೆ ಕೊಟ್ಟಿಗೆ. ಕೊಟ್ಟಿಗೆಗೆ ಸೊಪ್ಪು, ತೋಟಕ್ಕೆ ದರಕು, ಒಲೆಗೆ ಸೌದೆ. ಇವೆಲ್ಲ ಒಟ್ಟಾಗುವುದು ಮಳೆಯಿಲ್ಲದ ತಿಂಗಳುಗಳಲ್ಲಿ. ಎಳೆಯ ಉಣುಗು ದರಕಿನಲ್ಲಿ ಕಾದಿರುವುದೂ ಆಗಲೇ. ಕಾಡಿಗೆ ಹೋಗಬೇಡಿ ಎನ್ನುವ ಸಲಹೆ ಇಲ್ಲಿ ಎಷ್ಟು ಪೊಳ್ಳು ಎಂದು ಬೇರೆ ಹೇಳಬೇಕಿಲ್ಲ.

ಸಾಯುವ ಮಂಗ ಎಚ್ಚರಿಕೆಯ ಗಂಟೆ ನಿಜ. ಅದರ ಮೈಯಿಂದ ಉದುರುವ ಉಣುಗುಗಳು ಆ ಜಾಗವನ್ನು ವಿಷಮಯ ಮಾಡುವುದೂ ನಿಜ. ಆದರೆ ಎರಡು ಹಾವಳಿಗಳ ನಡುವೆ ವೈರಸ್ಸನ್ನು ಉಳಿಸಿಕೊಳ್ಳುವುದರಲ್ಲಿ ಇಲಿ, ಮೂಗಿಲಿಗಳ ಪಾಲೆಷ್ಟು, ಉಣುಗಿನ ಪಾಲೆಷ್ಟು ಎಂಬುದರ ಬಗ್ಗೆ ವಿಜ್ಞಾನಿಗಳು ಇನ್ನೂ ಚರ್ಚಿಸುತ್ತಿದ್ದಾರೆ. ಮಂಗಕ್ಕೆ ಸಿಕ್ಕಷ್ಟು ಗಮನ ಮೂಗಿಲಿಗೆ ಸಿಕ್ಕಿಲ್ಲ ಎನ್ನುವುದು ನನ್ನ ತಕರಾರು.

ಲಸಿಕೆಯದು ಬೇಸರದ ಕಥೆ. 1957ರ ವೈರಸ್ ತಳಿಯನ್ನು ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಮಾಡಿದ್ದು ಅದು. ತಯಾರಾಗುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ. 2005ರಿಂದ 2010ರವರೆಗಿನ ಅಂಕಿಅಂಶ ಪರಿಶೀಲಿಸಿದ ಅಧ್ಯಯನ ಎರಡು ಡೋಸ್ ಪಡೆದವರಲ್ಲಿ ಶೇ. 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 82.9ರಷ್ಟು ರಕ್ಷಣೆ ಕಂಡಿತು. ಆದರೆ ಚುಚ್ಚಿದಲ್ಲಿ ವಿಪರೀತ ನೋವು, ಮತ್ತೆ ಮತ್ತೆ ಬೂಸ್ಟರ್. ಜನ ಅರ್ಧಕ್ಕೇ ಬಿಟ್ಟರು. ಕೊಡುತ್ತಿದ್ದದ್ದೂ ಹಿಂದೆ ಕಾಯಿಲೆ ಕಂಡಿದ್ದ ಜಾಗದ ಸುತ್ತಮುತ್ತಲೇ. ಕಾಯಿಲೆ ಹೊಸ ಜಾಗಕ್ಕೆ ಹಾರಿದರೆ ಲಸಿಕೆ ಹಿಂದೆ ಉಳಿಯುತ್ತಿತ್ತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸಾಲಾಗಿ ಸಾಯತೊಡಗಿದಾಗ ರಾಜ್ಯವೇ ಬೆಚ್ಚಿತು. ಅಪಾಯದ ನಕ್ಷೆಯ ಬೆಲೆ ಇಂಥಲ್ಲಿ ತಿಳಿಯುತ್ತದೆ. ಮುಂದಿನ ಅರಳಗೋಡು ಯಾವುದಿರಬಹುದು ಎಂದು ಅದು ಮೊದಲೇ ಬೆರಳಿಟ್ಟು ತೋರಿಸಬಲ್ಲದು. ಹಳೆಯ ಲಸಿಕೆ ಮಾತ್ರ ಸತ್ವ ಕಳೆದುಕೊಂಡು 2022ರಲ್ಲಿ ನಿಂತೇ ಹೋಯಿತು.

ಅಷ್ಟರಲ್ಲಿ ಕಾಯಿಲೆ ಜಿಲ್ಲೆಯ ಗಡಿ ದಾಟಿತ್ತು. ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಎಲ್ಲ 2012ರಿಂದ ನಾಲ್ಕೈದು ವರ್ಷಗಳೊಳಗೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 1957ರಿಂದ 2017ರವರೆಗಿನ ವೈರಸ್ಸುಗಳ ಜೀನೋಮುಗಳನ್ನು ಓದಿ, ಅದು ಪಶ್ಚಿಮಘಟ್ಟದ ಉದ್ದಕ್ಕೂ ಸಾಗಿದ ಜಾಡನ್ನು ಬಿಡಿಸಿದೆ. ಪತ್ತೆಯ ಕೆಲಸವೂ ಸುಲಭವಾಗಿದೆ. ಮೊದಲು ರಕ್ತದ ಮಾದರಿ ಪುಣೆಗೆ ಹೋಗಿ ಫಲಿತಾಂಶ ಬರಬೇಕಿತ್ತು, ಈಗ ಆರ್‌ಟಿ-ಪಿಸಿಆರ್ ಶಿವಮೊಗ್ಗದಲ್ಲೇ ಆಗುತ್ತದೆ.

ಅಮೆರಿಕದ ಮೊಂಟಾನಾದ ರಾಕಿ ಮೌಂಟನ್ ಪ್ರಯೋಗಾಲಯ ಬೇರೊಂದು ವೈರಸ್ಸನ್ನು ವಾಹಕವಾಗಿ ಬಳಸಿ ಮಾಡಿದ ಲಸಿಕೆ ಒಂದೇ ಡೋಸಿನಲ್ಲಿ ಕೋತಿಗಳನ್ನು ಕಾಪಾಡಿತೆಂಬ ವರದಿ 2023ರಲ್ಲಿ ಬಂತು. ನಮ್ಮಲ್ಲಿ ಐಸಿಎಂಆರ್, ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಸೇರಿ ನಿಷ್ಕ್ರಿಯ ವೈರಸ್ಸಿನದೇ ಹೊಸ ಲಸಿಕೆ ರೂಪಿಸಿದೆ. ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ ಅದೀಗ ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದಿದೆ. ಮೊದಲ ಹಂತದಲ್ಲಿ ನೋಡುವುದು ಅಪಾಯವಿಲ್ಲವೇ ಎಂಬುದನ್ನಷ್ಟೇ. ನಿಜಕ್ಕೂ ಕಾಯಿಲೆ ತಡೆಯುತ್ತದೆಯೇ ಎಂದು ತಿಳಿಯಬೇಕಾದರೆ ಕಾಯಿಲೆ ಇರುವ ಊರುಗಳಿಗೇ ಬರಬೇಕು. ಹಳೆಯ ಸೂಜಿಯ ನೋವು ಮರೆಯದವರು ಆಗ ಮೊದಲು ಕೇಳುವುದು ಎಷ್ಟು ಸಲ ಚುಚ್ಚಿಸಿಕೊಳ್ಳಬೇಕು ಎಂದೇ. ಸದ್ಯದ ಲೆಕ್ಕ ಎರಡು ಸಲ. ಬೂಸ್ಟರ್ ಬೇಕೋ ಬೇಡವೋ ಎಂಬುದನ್ನು ಪ್ರಯೋಗವೇ ಹೇಳಬೇಕು.