ವಿದ್ಯಾರ್ಥಿಗಳ ವಿವಿಧ ಆಸಕ್ತಿಗಳು, ಸಮುದಾಯ ಸೇವೆ ಮತ್ತು ಉನ್ನತ ಶಿಕ್ಷಣ ಪ್ರವೇಶ: ವಡಗೇರಾ ತಾಲ್ಲೂಕಿನ ವಿದ್ಯಾರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಭೀಮಾ ಮತ್ತು ಕೃಷ್ಣಾ ನದಿಗಳ ನಡುವೆ ಹರಡಿರುವ ವಡಗೇರಾ ಪ್ರದೇಶವು ಹಿಂದೆ ಶಹಾಪುರ ತಾಲ್ಲೂಕಿನ ಭಾಗವಾಗಿದ್ದು, ನಂತರ ಯಾದಗಿರಿ ಜಿಲ್ಲೆಯ ಪ್ರತ್ಯೇಕ ತಾಲ್ಲೂಕಾಗಿ ರಚನೆಗೊಂಡಿದೆ. ಹತ್ತಿ, ತೊಗರಿ ಮತ್ತು ಭತ್ತ ಇಲ್ಲಿನ ಮುಖ್ಯ ಬೆಳೆಗಳಾಗಿವೆ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತಾ ಪ್ರಮಾಣವು ಶೇ. 51.83ರಷ್ಟಿದ್ದು, ಅದು ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಅತ್ಯಂತ ಕಡಿಮೆಯಾಗಿತ್ತು. 2018ರಲ್ಲಿ ನೀತಿ ಆಯೋಗವು ರಾಯಚೂರಿನೊಂದಿಗೆ ಯಾದಗಿರಿಯನ್ನೂ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು.

ಇಂತಹ ಪ್ರದೇಶದಲ್ಲಿ ಪದವಿ ಪೂರ್ವ ಹಂತಕ್ಕೆ ತಲುಪಿದ ವಿದ್ಯಾರ್ಥಿಯು ಅನೇಕ ವೇಳೆ ತನ್ನ ಮನೆತನದಲ್ಲಿ ಅಷ್ಟು ದೂರ ಓದಿದ ಮೊದಲ ವ್ಯಕ್ತಿಯಾಗಿರುತ್ತಾನೆ. ಆತನಿಗೆ ಅಥವಾ ಆಕೆಗೆ ಗಣಿತ, ಚಿತ್ರಕಲೆ, ಹಾಡುಗಾರಿಕೆ, ಗಣಕಯಂತ್ರ, ಕ್ರೀಡೆ ಹೀಗೆ ಹಲವು ಆಸಕ್ತಿಗಳಿರಬಹುದು. ಈ ಆಸಕ್ತಿಗಳನ್ನು ಊರಿನ ಒಂದು ನಿಜವಾದ ಅಗತ್ಯಕ್ಕೆ ಜೋಡಿಸುವ ಬಗೆ ಹಾಗೂ ಅಂತಹ ಸೇವೆಯು ಕಾಲೇಜು ಪ್ರವೇಶದಲ್ಲಿ ಎಷ್ಟರಮಟ್ಟಿಗೆ ಪರಿಗಣಿತವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು, ಪೋಷಕರು ಮತ್ತು ಉಪನ್ಯಾಸಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಪ್ರವೇಶ ವ್ಯವಸ್ಥೆಯಲ್ಲಿ ಸೇವೆಯ ಸ್ಥಾನ

ಸಮುದಾಯ ಸೇವೆಯಿಂದ ಎಲ್ಲ ಕಾಲೇಜುಗಳಲ್ಲಿಯೂ ಸೀಟು ದೊರೆಯುತ್ತದೆ ಎಂಬ ಭಾವನೆಯು ಸರಿಯಲ್ಲ. ವಾಸ್ತವ ಸ್ಥಿತಿಯು ಈ ಕೆಳಕಂಡಂತಿದೆ:

(ಅ) ವೈದ್ಯಕೀಯ ಕೋರ್ಸಿಗೆ ನೀಟ್ ಪರೀಕ್ಷೆಯ ಶ್ರೇಣಿಯೇ ಆಧಾರ. ಇಂಜಿನಿಯರಿಂಗ್ ಕೋರ್ಸಿಗೆ ದ್ವಿತೀಯ ಪಿ.ಯು.ಸಿ. ಅಂಕಗಳು ಮತ್ತು ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿ.ಇ.ಟಿ.) ಅಂಕಗಳನ್ನು ಸಮಪ್ರಮಾಣದಲ್ಲಿ ಪರಿಗಣಿಸಿ ಶ್ರೇಣಿಯನ್ನು ನಿಗದಿಪಡಿಸಲಾಗುತ್ತದೆ. ಇವುಗಳಲ್ಲಿ ಸಾಮಾನ್ಯ ಸೇವಾ ಪ್ರಮಾಣ ಪತ್ರಕ್ಕೆ ಅಂಕವಿರುವುದಿಲ್ಲ.

(ಆ) ಎನ್.ಸಿ.ಸಿ., ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್ ಮುಂತಾದ ವಿಶೇಷ ಪ್ರವರ್ಗಗಳಡಿ ಸೀಮಿತ ಸಂಖ್ಯೆಯ ಸೀಟುಗಳಿರುತ್ತವೆ. ಇದಕ್ಕೆ ಯಾವ ಹಂತದ ಪ್ರಮಾಣ ಪತ್ರ ಅಗತ್ಯ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ನೋಡಿಕೊಳ್ಳತಕ್ಕದ್ದು.

(ಇ) ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟುಗಳಿಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಹೊಲದಲ್ಲಿ ದುಡಿದ ಅನುಭವವೇ ಇಲ್ಲಿ ನೆರವಿಗೆ ಬರುತ್ತದೆ. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿಯೇ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೃಷಿ ಮಹಾವಿದ್ಯಾಲಯವಿದೆ.

(ಈ) ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ಪ್ರವೇಶ ಪರೀಕ್ಷೆಯೊಂದಿಗೆ ಸಂದರ್ಶನವನ್ನೂ ನಡೆಸುತ್ತವೆ. ವಿದ್ಯಾರ್ಥಿಯು ತನ್ನ ಪರಿಸರವನ್ನು ಹೇಗೆ ಗಮನಿಸಿದ್ದಾನೆ, ಏನು ಮಾಡಿದ್ದಾನೆ, ಅದರಿಂದ ಏನು ಕಲಿತಿದ್ದಾನೆ ಎಂಬುದನ್ನು ಹೇಳಲು ಇಲ್ಲಿ ಅವಕಾಶವಿದೆ.

(ಉ) ಅಮೆರಿಕದ ಅನೇಕ ಕಾಲೇಜುಗಳು ಬಳಸುವ ಕಾಮನ್ ಅಪ್ಲಿಕೇಶನ್ ಎಂಬ ಅರ್ಜಿಯಲ್ಲಿ ಗರಿಷ್ಠ 10 ಚಟುವಟಿಕೆಗಳನ್ನು ನಮೂದಿಸಬಹುದು ಹಾಗೂ ಗರಿಷ್ಠ 650 ಪದಗಳ ಪ್ರಬಂಧವೊಂದನ್ನು ಬರೆಯಬೇಕಾಗುತ್ತದೆ. ಮನೆಗೆಲಸ, ತಮ್ಮ ತಂಗಿಯರ ಪಾಲನೆ, ಸಂಬಳದ ದುಡಿಮೆ ಇವುಗಳನ್ನೂ ಚಟುವಟಿಕೆಯೆಂದು ನಮೂದಿಸಲು ಅವಕಾಶವಿದೆ.

ಇವೆಲ್ಲಕ್ಕೂ ಮಿಗಿಲಾಗಿ, ಸಂವಿಧಾನದ 371(ಜೆ) ಅನುಚ್ಛೇದದನ್ವಯ 2013ರಲ್ಲಿ ಹೊರಡಿಸಲಾದ ಆದೇಶದಂತೆ ಕಲ್ಯಾಣ ಕರ್ನಾಟಕ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಹಾಗೂ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲಾಗಿವೆ. ಉಪವಿಭಾಗಾಧಿಕಾರಿಗಳು ನೀಡುವ ಅರ್ಹತಾ ಪ್ರಮಾಣ ಪತ್ರವು ಸಕಾಲದಲ್ಲಿ ಕೈಯಲ್ಲಿಲ್ಲದಿದ್ದರೆ ಈ ಸೌಲಭ್ಯ ಕೈತಪ್ಪುತ್ತದೆ. ಆದ್ದರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ಈ ಪ್ರಮಾಣ ಪತ್ರವನ್ನು ಪಡೆದುಕೊಳ್ಳುವುದು ಸೂಕ್ತ.

3. ರಾಷ್ಟ್ರೀಯ ಸೇವಾ ಯೋಜನೆಯ ಹಿನ್ನೆಲೆ

ವಿದ್ಯೆಯನ್ನೂ ಸಮಾಜಸೇವೆಯನ್ನೂ ಜೋಡಿಸುವ ಆಲೋಚನೆ ವಿದೇಶದಿಂದ ಬಂದುದಲ್ಲ. ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ರಾಷ್ಟ್ರಸೇವೆಯಲ್ಲಿ ತೊಡಗಬೇಕೆಂದು ಡಾ. ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿಯೇ ಶಿಫಾರಸು ಮಾಡಿತ್ತು. ಗಾಂಧೀಜಿಯವರ ಜನ್ಮಶತಾಬ್ದಿ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ (ಎನ್.ಎಸ್.ಎಸ್.) ಚಾಲನೆ ನೀಡಿದರು. ಅವರು ಅಂದು ಲೋಕಸಭೆಯಲ್ಲಿ ಬಳ್ಳಾರಿ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದರೆಂಬುದು ಈ ಭಾಗದ ಜನತೆಗೆ ಹೆಮ್ಮೆಯ ಸಂಗತಿ.

ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸಿ, ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಂಡಲ್ಲಿ ಪ್ರಮಾಣ ಪತ್ರಕ್ಕೆ ಅರ್ಹರಾಗುತ್ತಾರೆ. ಕಾಲೇಜು ಘಟಕವು ಒಂದು ಗ್ರಾಮವನ್ನು ದತ್ತು ಪಡೆದು ಅಲ್ಲಿಯೇ ನಿರಂತರವಾಗಿ ಕಾರ್ಯನಿರ್ವಹಿಸಬೇಕೆಂಬುದು ಯೋಜನೆಯ ಆಶಯ. ಹತ್ತು ಊರುಗಳಲ್ಲಿ ಒಂದೊಂದು ದಿನ ಕಳೆಯುವುದಕ್ಕಿಂತ ಒಂದು ಊರಿನಲ್ಲಿ ಎರಡು ವರ್ಷ ನಿಲ್ಲುವುದು ಮೇಲು ಎಂಬ ತಿಳಿವಳಿಕೆ ಇದರ ಹಿಂದೆ ಇದೆ.

4. ಆಸಕ್ತಿಯಿಂದ ಅಗತ್ಯದ ಕಡೆಗೆ

ವಿದ್ಯಾರ್ಥಿಯು ತನ್ನ ಆಸಕ್ತಿಯನ್ನು ಬದಲಿಸಿಕೊಳ್ಳಬೇಕಾಗಿಲ್ಲ. ಆ ಆಸಕ್ತಿಯು ಊರಿನ ಯಾವ ಅಗತ್ಯವನ್ನು ಮುಟ್ಟುತ್ತದೆ ಎಂಬುದನ್ನು ಕಂಡುಕೊಂಡರೆ ಸಾಕು. ಕೆಲವು ನಿದರ್ಶನಗಳು:

• ರಸಾಯನಶಾಸ್ತ್ರ: ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ಜಲಮೂಲವಿಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಬಳಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಊರಿನ ಪ್ರತಿ ಕೊಳವೆ ಬಾವಿಯ ಪರೀಕ್ಷಾ ಫಲಿತಾಂಶವನ್ನು ಗ್ರಾಮ ಪಂಚಾಯಿತಿಯಿಂದ ಪಡೆದು, ಯಾವ ನೀರು ಕುಡಿಯಲು ಯೋಗ್ಯ ಎಂಬುದನ್ನು ಓದಲು ಬಾರದವರಿಗೂ ತಿಳಿಯುವಂತೆ ಬಣ್ಣದ ಗುರುತಿನಿಂದ ಸೂಚಿಸಬಹುದು.

• ಜೀವಶಾಸ್ತ್ರ: ಹೊಲಗದ್ದೆಗಳಲ್ಲಿ ಹಾವು ಕಡಿತದ ಅಪಾಯ ಸದಾ ಇರುತ್ತದೆ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಪ್ರಕರಣವೆಂದು ಘೋಷಿಸಿತು. ಬಿಗಿಯಾಗಿ ಕಟ್ಟದೆ, ಕೊಯ್ಯದೆ, ನಾಟಿ ಮದ್ದಿಗೆ ಸಮಯ ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆಂಬ ತಿಳಿವಳಿಕೆಯನ್ನು ಕೃಷಿ ಕೂಲಿಕಾರರಲ್ಲಿ ಮೂಡಿಸಬಹುದು.

• ಇತಿಹಾಸ: ಹುಣಸಗಿ ಪರಿಸರದ ಹಳೆ ಶಿಲಾಯುಗದ ನೆಲೆಗಳು, ಸುರಪುರ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ದಾಖಲಿಸಿದ ಬೃಹತ್ ಶಿಲಾ ಸಮಾಧಿಗಳು ಈ ಜಿಲ್ಲೆಯಲ್ಲಿವೆ. ತಮ್ಮ ಊರಿನ ಶಾಸನ, ವೀರಗಲ್ಲುಗಳ ಪಟ್ಟಿಯನ್ನು ಸಿದ್ಧಪಡಿಸಿ ಪಂಚಾಯಿತಿಗೂ ಶಾಲೆಗೂ ನೀಡಬಹುದು.

• ಹಾಡು ಮತ್ತು ನಾಟಕ: ಹಂತಿಯ ಪದ, ತತ್ವಪದ, ಬಯಲಾಟಗಳನ್ನು ಬಲ್ಲ ಹಿರಿಯರಿಂದ ಅವುಗಳನ್ನು ಅನುಮತಿ ಪಡೆದು ಧ್ವನಿಮುದ್ರಿಸಿಕೊಳ್ಳಬಹುದು.

• ಗಣಕಯಂತ್ರ: ವಿದ್ಯಾರ್ಥಿವೇತನದ ಅರ್ಜಿ, 371(ಜೆ) ಪ್ರಮಾಣ ಪತ್ರದ ಅರ್ಜಿ ಇವುಗಳಿಗೆ ಬೇಕಾದ ದಾಖಲೆಗಳ ಪಟ್ಟಿಯನ್ನು ಸಿದ್ಧಪಡಿಸಿ, ಕಿರಿಯ ವಿದ್ಯಾರ್ಥಿಗಳಿಗೆ ಅರ್ಜಿ ತುಂಬಲು ನೆರವಾಗಬಹುದು.

5. ಹಲವು ಆಸಕ್ತಿ, ಒಂದು ಕಾರ್ಯ: ಹತ್ತಿ ಬಿಡಿಸುವ ಕಾಲದ ನಿದರ್ಶನ

ಮೇಲ್ಕಂಡ ಆಸಕ್ತಿಗಳು ಬೇರೆ ಬೇರೆಯಾಗಿಯೇ ಉಳಿಯಬೇಕೆಂದಿಲ್ಲ. ಹತ್ತಿ ಬೆಳೆಯುವ ಗ್ರಾಮಗಳಲ್ಲಿ ಮಳೆಗಾಲ ಮುಗಿದ ನಂತರ ಹತ್ತಿ ಬಿಡಿಸುವ ಕೆಲಸ ಆರಂಭವಾಗುತ್ತದೆ. ಆಗ ಕೆಲವು ಮಕ್ಕಳು ತಾಯಿಯೊಂದಿಗೆ ಹೊಲಕ್ಕೆ ಹೋಗುತ್ತಾರೆ; ಕೆಲವರು ಮನೆಯಲ್ಲಿ ಕೂಸನ್ನು ನೋಡಿಕೊಳ್ಳಲು ಉಳಿಯುತ್ತಾರೆ. ಕೆಲವು ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಹೀಗೆ ಕೆಲವು ವಾರ ಶಾಲೆ ತಪ್ಪಿದ ಮಗುವು ಪಾಠದಲ್ಲಿ ಹಿಂದುಳಿದು, ಕ್ರಮೇಣ ಶಾಲೆಯನ್ನೇ ಬಿಡುವ ಸಂಭವವಿದೆ. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ನೇಮಿಸಿಕೊಳ್ಳುವುದನ್ನು 2016ರ ತಿದ್ದುಪಡಿ ಕಾಯ್ದೆಯು ನಿಷೇಧಿಸಿದೆ. ಸ್ವಂತ ಕುಟುಂಬಕ್ಕೆ ನೆರವಾಗುವುದೂ ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ.

ಪದವಿ ಪೂರ್ವ ಕಾಲೇಜಿನ ಐವರು ವಿದ್ಯಾರ್ಥಿಗಳು ಈ ಒಂದು ವಿಷಯವನ್ನು ಕೈಗೆತ್ತಿಕೊಂಡರೆಂದು ಭಾವಿಸಬಹುದು. ಗಣಿತದಲ್ಲಿ ಆಸಕ್ತಿಯುಳ್ಳವರು ಮುಖ್ಯೋಪಾಧ್ಯಾಯರ ಅನುಮತಿಯೊಂದಿಗೆ, ಮಕ್ಕಳ ಹೆಸರನ್ನು ಬರೆದುಕೊಳ್ಳದೆ, ಜೂನ್‌ನಿಂದ ಮಾರ್ಚ್‌ವರೆಗಿನ ಹಾಜರಾತಿಯನ್ನು ತಿಂಗಳುವಾರು ಎಣಿಸುತ್ತಾರೆ. ಯಾವ ವಾರದಿಂದ ಹಾಜರಿ ಕುಸಿಯುತ್ತದೆ, ಯಾವ ತರಗತಿಯಲ್ಲಿ ಹೆಚ್ಚು ಕುಸಿಯುತ್ತದೆ, ಹೆಣ್ಣುಮಕ್ಕಳ ಸಂಖ್ಯೆ ಎಷ್ಟು ಎಂಬುದು ಇದರಿಂದ ತಿಳಿಯುತ್ತದೆ. ಮಾತುಗಾರಿಕೆ ಬಲ್ಲವರು ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗಿ ತಾಯಂದಿರ ಮಾತನ್ನು ಆಲಿಸುತ್ತಾರೆ. ಕೂಲಿಯ ಆಸೆಗಿಂತ ಕೂಸನ್ನು ನೋಡಿಕೊಳ್ಳುವವರಿಲ್ಲದಿರುವುದೇ ಕಾರಣವೆಂದು ಅಲ್ಲಿ ತಿಳಿದುಬರಬಹುದು. ಹಾಗಾದಲ್ಲಿ ಪರಿಹಾರವು ಜಾಗೃತಿ ಜಾಥಾ ಅಲ್ಲ; ಅಂಗನವಾಡಿಯ ಸಮಯ ಮತ್ತು ಕೂಸಿನ ಮನೆಯ ವ್ಯವಸ್ಥೆಯ ಬಗ್ಗೆ ಪಂಚಾಯಿತಿಯೊಂದಿಗೆ ಮಾತುಕತೆ.

ಹಾಡು ಬಲ್ಲವರು ಮತ್ತು ಚಿತ್ರ ಬಿಡಿಸುವವರು ಸಂಜೆಯ ವೇಳೆ ಗ್ರಂಥಾಲಯದಲ್ಲಿ ಪಾಠ ತಪ್ಪಿದ ಮಕ್ಕಳಿಗೆ ಓದು, ಲೆಕ್ಕಗಳನ್ನು ಕಲಿಸಲು ಸಾಮಗ್ರಿಯನ್ನು ಸಿದ್ಧಪಡಿಸುತ್ತಾರೆ. ಗಣಕಯಂತ್ರ ಬಲ್ಲವರು ಸಂಗ್ರಹಿಸಿದ ಅಂಕಿ ಅಂಶಗಳನ್ನು ಒಂದು ಪುಟಕ್ಕೆ ಇಳಿಸಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಮುಂದಿಡುತ್ತಾರೆ. ಮರುವರ್ಷ ಅದೇ ತಿಂಗಳುಗಳ ಹಾಜರಾತಿಯನ್ನು ಪುನಃ ಎಣಿಸಲಾಗುತ್ತದೆ. ಹಾಜರಿ ಹೆಚ್ಚಿದ್ದರೆ ಹೆಚ್ಚಿದೆಯೆಂದೂ, ಹೆಚ್ಚದಿದ್ದರೆ ಇಲ್ಲವೆಂದೂ ಬರೆಯತಕ್ಕದ್ದು. ಎರಡೂ ಉಪಯುಕ್ತ ಮಾಹಿತಿಯೇ.

ಇಂತಹ ಕಾರ್ಯದಲ್ಲಿ ಪ್ರತಿಯೊಬ್ಬನ ಆಸಕ್ತಿಗೂ ಸ್ಥಾನವಿದೆ, ಆದರೆ ಪ್ರಶ್ನೆ ಒಂದೇ. ಸಂದರ್ಶನದಲ್ಲಿ ಅಥವಾ ಪ್ರಬಂಧದಲ್ಲಿ ಐದು ಬಿಡಿ ಚಟುವಟಿಕೆಗಳ ಪಟ್ಟಿಗಿಂತ ಇಂತಹ ಒಂದು ಕಾರ್ಯದ ವಿವರಣೆಯು ಹೆಚ್ಚು ಮನವರಿಕೆಯಾಗುತ್ತದೆ. ಪ್ರವೇಶ ದೊರೆಯಲಿ, ದೊರೆಯದಿರಲಿ, ಕೆಲವು ಮಕ್ಕಳು ಶಾಲೆಯಲ್ಲಿ ಉಳಿದರೆ ಆ ಪ್ರಯೋಜನ ಊರಿಗೇ ಸೇರುತ್ತದೆ.

6. ಸೇವೆಯ ದಾಖಲೆ

• ದಿನಾಂಕ, ಸ್ಥಳ, ಮಾಡಿದ ಕೆಲಸ ಮತ್ತು ವ್ಯಯಿಸಿದ ಗಂಟೆಗಳನ್ನು ಅಂದಂದೇ ಒಂದು ಪುಸ್ತಕದಲ್ಲಿ ಬರೆದು, ತಿಂಗಳಿಗೊಮ್ಮೆ ಕಾರ್ಯಕ್ರಮಾಧಿಕಾರಿ ಅಥವಾ ಉಪನ್ಯಾಸಕರ ಸಹಿ ಪಡೆಯುವುದು.
• ಆರಂಭದ ಸ್ಥಿತಿಯನ್ನು ಮೊದಲೇ ದಾಖಲಿಸುವುದು. ಹಾಗಿಲ್ಲದೆ ಬದಲಾವಣೆಯನ್ನು ತೋರಿಸಲಾಗದು.
• ತಂಡದ ಕೆಲಸದಲ್ಲಿ ತನ್ನ ಪಾಲು ಎಷ್ಟು ಎಂಬುದನ್ನು ಸ್ಪಷ್ಟವಾಗಿ ನಮೂದಿಸುವುದು.
• ಯಶಸ್ವಿಯಾಗದ ಪ್ರಯತ್ನವನ್ನೂ ಅದರ ಕಾರಣವನ್ನೂ ಬರೆದಿಡುವುದು.

7. ಗಮನಿಸಬೇಕಾದ ಅಂಶಗಳು

• ಹಣ ಕೊಟ್ಟು ಪ್ರಮಾಣ ಪತ್ರ ಪಡೆಯುವುದು, ಮಾಡದ ಗಂಟೆಗಳನ್ನು ತೋರಿಸುವುದು ಅಪರಾಧಕ್ಕೆ ಸಮಾನವಾಗಿದ್ದು, ಪತ್ತೆಯಾದಲ್ಲಿ ದೊರೆತ ಪ್ರವೇಶವೂ ರದ್ದಾಗುವ ಸಂಭವವಿರುತ್ತದೆ.
• ಮಕ್ಕಳ, ರೋಗಿಗಳ ಅಥವಾ ಬಡ ಕುಟುಂಬಗಳ ಭಾವಚಿತ್ರ ಹಾಗೂ ಹೆಸರನ್ನು ಪ್ರಚಾರಕ್ಕಾಗಿ ಬಳಸಬಾರದು.
• ಮಗುವು ದುಡಿಮೆಯಲ್ಲಿ ಅಥವಾ ಸಂಕಷ್ಟದಲ್ಲಿ ಇರುವುದು ಕಂಡುಬಂದಲ್ಲಿ ವಿದ್ಯಾರ್ಥಿಗಳು ತಾವೇ ಮಧ್ಯಪ್ರವೇಶಿಸದೆ ಶಿಕ್ಷಕರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸತಕ್ಕದ್ದು.
• ವಾರಕ್ಕೆ ಎರಡು ಅಥವಾ ಮೂರು ಗಂಟೆಗಳ ಸೇವೆ ಸಾಕು. ದ್ವಿತೀಯ ಪಿ.ಯು.ಸಿ. ವಾರ್ಷಿಕ ಪರೀಕ್ಷೆಗೆ ಮುಂಚಿನ ತಿಂಗಳುಗಳಲ್ಲಿ ಕಾರ್ಯವನ್ನು ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ವಹಿಸಿಕೊಡುವುದರಿಂದ ಓದಿಗೂ ತೊಂದರೆಯಾಗದು, ಕೆಲಸವೂ ನಿಲ್ಲದು.
• ಹೆಣ್ಣುಮಕ್ಕಳು ಭಾಗವಹಿಸುವ ಕಾರ್ಯಗಳ ಸಮಯ ಮತ್ತು ಸ್ಥಳವನ್ನು ಪೋಷಕರೊಂದಿಗೆ ಮುಂಚಿತವಾಗಿ ನಿಗದಿಪಡಿಸಿಕೊಳ್ಳುವುದು.

8. ಹೆಚ್ಚಿನ ಮಾಹಿತಿಗಾಗಿ

ಸೇವಾ ಚಟುವಟಿಕೆಗಳ ಕುರಿತು ಆಯಾ ಕಾಲೇಜಿನ ಪ್ರಾಂಶುಪಾಲರು ಅಥವಾ ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಗಳನ್ನು, ಗ್ರಾಮದ ವಿಷಯಗಳಿಗೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳನ್ನು, 371(ಜೆ) ಪ್ರಮಾಣ ಪತ್ರದ ಕುರಿತು ಉಪವಿಭಾಗಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಘಟಕವಿಲ್ಲದ ಕಾಲೇಜಿನ ವಿದ್ಯಾರ್ಥಿಗಳು ಒಬ್ಬ ಉಪನ್ಯಾಸಕರ ಮಾರ್ಗದರ್ಶನದಲ್ಲಿ ತಮ್ಮ ಊರಿನ ಶಾಲೆಯಿಂದಲೇ ಕಾರ್ಯವನ್ನು ಆರಂಭಿಸಬಹುದಾಗಿದೆ.